ಮೂಕರ ವಕಾಲತ್ತು

ಅಂಕೋಲೆಯ ಗೃಹಸ್ಥರೊಬ್ಬರು ತಮ್ಮ ತೀರ್ಥರೂಪರ ಸ್ಮರಣಾರ್ಥವಾಗಿ ಒಂದು ಸಣ್ಣ ದತ್ತಿಯನ್ನು ಇಡಬೇಕೆಂದು ಸಂಕಲ್ಪಿಸಿದ್ದರು. ತಂದೆಯವರು ಬದುಕಿದ್ದಷ್ಟು ದಿನವೂ ಗೋಗ್ರಾಸವಿಕ್ಕದೆ ಉಂಡವರಲ್ಲ. ಆದುದರಿಂದ ಹಣವು ಮೂಕಪ್ರಾಣಿಗಳಿಗೇ ಸಲ್ಲಬೇಕೆಂಬುದರಲ್ಲಿ ಮನೆಯವರೊಳಗೆ ಭಿನ್ನಾಭಿಪ್ರಾಯವಿರಲಿಲ್ಲ. ಸಲ್ಲುವ ಬಗೆ ಯಾವುದೆಂಬಲ್ಲಿಯೇ ವಾದ. ಪ್ರಾಣಿಗಳ ಹಕ್ಕಿನ ಕಾಯಿದೆಯನ್ನು ಅಭ್ಯಾಸಮಾಡುವ ವಿದ್ಯಾರ್ಥಿಗೆ ಅದು ನೆರವಾಗಲೆಂದು ಗೃಹಸ್ಥರ ಮತ. ಅವರ ಅಕ್ಕ ನಕ್ಕುಬಿಟ್ಟರು: “ತಮ್ಮಾ, ಹಸಿದ ದನ ಹುಲ್ಲು ತಿನ್ನುವುದೋ, ಪುಸ್ತಕ ತಿನ್ನುವುದೋ?”

ಅಕ್ಕನ ಪ್ರಶ್ನೆ ಹಗುರವಾದುದಲ್ಲ. ಆದರೆ ಅದೇ ಮಳೆಗಾಲದಲ್ಲಿ ಕಾರವಾರದಿಂದ ಮರಳುತ್ತಿದ್ದಾಗ ಗೃಹಸ್ಥರು ಹೆದ್ದಾರಿಯ ಅಂಚಿನಲ್ಲಿ ಕಾಲು ಮುರಿದು ಬಿದ್ದಿದ್ದ ಹೋರಿಯೊಂದನ್ನು ಕಂಡಿದ್ದರು. ಸುತ್ತಲೂ ಜನ ನೆರೆದಿದ್ದರು. ಒಬ್ಬರು ನೀರು ತಂದರು, ಇನ್ನೊಬ್ಬರು ಗೋಣಿ ಹೊದಿಸಿದರು, ಮತ್ತೊಬ್ಬರು ಪಶುವೈದ್ಯರನ್ನು ಕರೆಯಲು ಹೋದರು. ದಯೆಗೆ ಕೊರತೆಯಿರಲಿಲ್ಲ. ಆದರೆ ಕೆಡವಿಹೋದ ವಾಹನದವನು ಯಾವ ಕಾಯಿದೆಯಂತೆ ಹೊಣೆ, ಬೀದಿಗೆ ಬಿಟ್ಟ ಒಡೆಯನ ಹೊಣೆಯೆಷ್ಟು, ದೂರು ಕೊಡತಕ್ಕವರು ಯಾರು ಎಂಬ ಪ್ರಶ್ನೆಗಳು ಎದ್ದಾಗ ಎಲ್ಲರೂ ಆ ಹೋರಿಯಷ್ಟೇ ಮೂಕರಾದರು. ಅಂದು ಕೊರತೆಯಾದುದು ಹುಲ್ಲಲ್ಲ, ತಿಳಿವಳಿಕೆ.

ಕಾಯಿದೆ ಇಲ್ಲವೆಂದಲ್ಲ. ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆ ನಿಮಿತ್ತವಾಗಿ, ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆಯು 1960ರಲ್ಲಿ ಬಂದಿತು. ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಶ್ರಯ ಕೊಡದಿರುವುದೂ ಅದರಲ್ಲಿ ಅಪರಾಧವೇ. ಆದರೆ ಮೊದಲ ಅಪರಾಧಕ್ಕೆ ಅದು ಗೊತ್ತುಮಾಡಿದ ದಂಡವು 10ರಿಂದ 50 ರೂಪಾಯಿ. ಇತ್ತ ಕಾರವಾರದ ಮರಳದಂಡೆಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಕಡಲಾಮೆಯನ್ನು ಬೇಟೆಯಾಡಿದವನಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ 7 ವರ್ಷಗಳವರೆಗೆ ಸೆರೆವಾಸವಾಗಬಹುದು. ಒಂದು ಕಾಯಿದೆ ಕುಲವು ಅಳಿಯಬಾರದೆಂದು ನೋಡುವುದು. ಇನ್ನೊಂದು ಒಂದು ಜೀವದ ನೋವನ್ನು ನೋಡುವುದು. ನೋವಿನ ಬೆಲೆ ಇಷ್ಟು ಅಗ್ಗವಾದುದು ನ್ಯಾಯವೇ? ಇದನ್ನು ತೂಗಿ ನೋಡುವುದಕ್ಕೆ ಅಭ್ಯಾಸಿಗಳು ಬೇಕು.

ನ್ಯಾಯಾಸನವೂ ಇದನ್ನೇ ಸೂಚಿಸಿದಂತಿದೆ. ಸುಪ್ರೀಂ ಕೋರ್ಟು 2014ರ ಮೇ 7ರಂದು ಜಲ್ಲಿಕಟ್ಟನ್ನೂ ಎತ್ತಿನಗಾಡಿಯ ಓಟವನ್ನೂ ನಿಷೇಧಿಸಿತು. ಬಳಿಕ ಕರ್ನಾಟಕವು ಕಂಬಳಕ್ಕಾಗಿ 2017ರಲ್ಲಿ ಕಾಯಿದೆಯನ್ನು ತಿದ್ದಿಕೊಂಡಿತು. 2023ರ ಮೇ 18ರಂದು ಐವರು ನ್ಯಾಯಾಧೀಶರು ತಮಿಳುನಾಡು, ಮಹಾರಾಷ್ಟ್ರಗಳ ತಿದ್ದುಪಡಿಗಳೊಡನೆ ಅದನ್ನೂ ಎತ್ತಿಹಿಡಿದರು. ಜಲ್ಲಿಕಟ್ಟು ಸಂಸ್ಕೃತಿಯ ಅಂಗವೇ ಎಂಬುದಕ್ಕೆ ಧಾರ್ಮಿಕ, ಸಾಮಾಜಿಕ ವಿವೇಚನೆಯು ಸವಿಸ್ತಾರವಾಗಿ ನಡೆಯಬೇಕು, ಅದು ನ್ಯಾಯಾಲಯ ಮಾಡತಕ್ಕ ಕೆಲಸವಲ್ಲವೆಂದು ಅವರ ಅಭಿಪ್ರಾಯ. ಅದನ್ನು ಶಾಸನಸಭೆಗೆ ಬಿಟ್ಟರು. ಆದರೆ ಸಭೆಯ ಮುಂದೆ ಎತ್ತಿನ ಪರವಾಗಿ ಪುರಾವೆಯನ್ನು ಇಡುವವರಾರು? ವಿದ್ಯಾಲಯಗಳು ಈ ಕೆಲಸವನ್ನು ಕೈಗೊಂಡು ಬಹಳ ಕಾಲವಾಗಿಲ್ಲ. ಅಮೇರಿಕದ ಹಾರ್ವರ್ಡಿನಲ್ಲಿ ಪ್ರಾಣಿಕಾನೂನಿನ ಪಾಠ ಮೊದಲಾದುದು 2000ದಲ್ಲಿ. ನಮ್ಮಲ್ಲಿ ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯವು ಇದಕ್ಕಾಗಿ ಒಂದು ಕೇಂದ್ರವನ್ನು ತೆರೆದುದು ಈಚಿನ ಮಾತು.

ವಿದ್ಯೆಗೆ ಇಟ್ಟ ಹಣವು ಹೇಗೆ ಫಲಿಸುವುದೆಂಬುದನ್ನು ಅಂಕೋಲೆಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಕಟ್ಟಿದರು. ಬಡವರ ಮಕ್ಕಳ ಹಸಿವಿಗೆ ಅನ್ನವೊಂದೇ ಸಾಲದೆಂದು ಕಂಡು ಶಾಲೆ, ಕಾಲೇಜುಗಳನ್ನು ತೆರೆದರು. ಗೃಹಸ್ಥರು ಅಕ್ಕನಿಗೆ ಇದನ್ನೇ ಜ್ಞಾಪಿಸಿದರು: ಹುಲ್ಲು ಒಂದು ದಿನದ ಹಸಿವನ್ನು ಕಳೆಯುವುದು, ತಿಳಿದವನೊಬ್ಬನ ವಾದವು ಮುಂದೆ ಹುಟ್ಟಲಿರುವ ಕರುವಿಗೂ ನೆರಳಾದೀತು.

ಅಕ್ಕ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಆಗಲಿ, ಹಣವನ್ನು ಓದಿಗೇ ಕೊಡು. ನನ್ನ ಬಾಗಿಲಿಗೆ ಬರುವ ದನಕ್ಕೆ ಹುಲ್ಲನ್ನು ನಾನು ಹಾಕುತ್ತೇನೆ. ಆದರೆ ಓದಿದ ಹುಡುಗ ಅಲ್ಲಿಯೇ ಉಳಿಯದೆ ನಮ್ಮ ಹೆದ್ದಾರಿಗೂ ಒಮ್ಮೆ ಬರಲಿ” ಎಂದರು. ದತ್ತಿಯ ಕಾಗದದಲ್ಲಿ ಗೃಹಸ್ಥರು ಬರೆದುದು ಆ ಒಂದೇ ಷರತ್ತನ್ನು.