ಬಾರದವರ ಲೆಕ್ಕ

ವ್ಯವಹಾರ ನಿರ್ವಹಣೆ ಮತ್ತು ಸಾರ್ವಜನಿಕ ಆರೋಗ್ಯ ಎಂಬ ಎರಡು ಶಾಸ್ತ್ರಗಳನ್ನು ಒಂದೇ ಸ್ನಾತಕೋತ್ತರ ವ್ಯಾಸಂಗದಲ್ಲಿ ಬೆಸೆದು ಕಲಿಸುವ ಕ್ರಮ ಅಮೆರಿಕದ ಜಾನ್ಸ್ ಹಾಪ್ಕಿನ್ಸ್, ಬರ್ಕ್ಲಿ ಮೊದಲಾದ ವಿಶ್ವವಿದ್ಯಾಲಯಗಳಲ್ಲಿದೆ. ಬೇರೆ ಬೇರೆಯಾಗಿ ಓದಿದರೆ ತಗಲುವುದಕ್ಕಿಂತ ಕಡಿಮೆ ಕಾಲದಲ್ಲಿ ಎಂ.ಬಿ.ಎ. ಮತ್ತು ಎಂ.ಪಿ.ಎಚ್. ಪದವಿಗಳೆರಡೂ ಕೈಸೇರುತ್ತವೆ. ಭಾರತದಲ್ಲಿ ಇವೆರಡೂ ಬಹುಮಟ್ಟಿಗೆ ಬೇರೆ ಬೇರೆ ಸೂರುಗಳ ಕೆಳಗೇ ಬೆಳೆದವು. ಆರೋಗ್ಯ ನಿರ್ವಹಣೆಯ ಅಧ್ಯಯನಕ್ಕೆಂದು ಜೈಪುರದಲ್ಲಿ 1984ರಲ್ಲಿ ಸಂಸ್ಥೆಯೊಂದು ಹುಟ್ಟಿತು. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ 1997ರಲ್ಲಿ ಎಂ.ಪಿ.ಎಚ್. ತರಗತಿಯನ್ನು ಆರಂಭಿಸಿತು.

ಸೇಲಂನಿಂದ ಧರ್ಮಪುರಿಯತ್ತ ಹೋಗುವ ದಾರಿಯಲ್ಲಿರುವ ಕಡಯಂಪಟ್ಟಿಯ ಸೀಮೆಯಲ್ಲಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು ಎಂದು ಮೂರು ನುಡಿಗಳ ನಡುವೆ ಬೆಳೆದ ವಿದ್ಯಾರ್ಥಿಯೊಬ್ಬ ಇಂತಹ ವ್ಯಾಸಂಗದ ಮಾತೆತ್ತಿದರೆ ಹಿರಿಯರು ಕೇಳುವ ಪ್ರಶ್ನೆ ನೇರವಾಗಿಯೇ ಇರುತ್ತದೆ: ರೋಗಿಯಿಂದ ಲಾಭ ಮಾಡುವುದನ್ನು ಕಲಿಯಲು ಅಷ್ಟು ದೂರ ಹೋಗಬೇಕೆ? ಪ್ರಶ್ನೆ ಒರಟಾದರೂ ಅನ್ಯಾಯದ್ದಲ್ಲ. ಆಸ್ಪತ್ರೆಯ ಬಿಲ್ಲಿಗಾಗಿ ಒಡವೆ ಅಡವಿಟ್ಟ ಮನೆಗಳಿಗೆ ಯಾವ ಊರಿನಲ್ಲೂ ಬರವಿಲ್ಲ. ಆದುದರಿಂದ ಉತ್ತರವನ್ನು ವಿಶ್ವವಿದ್ಯಾಲಯದ ಕೈಪಿಡಿಯಲ್ಲಿ ಹುಡುಕುವುದಕ್ಕಿಂತ ಹತ್ತಿರದ ನೆಲದಲ್ಲಿ ಹುಡುಕುವುದು ಮೇಲು.

ಮದುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ಸೇವೆಯಿಂದ ನಿವೃತ್ತರಾದ ಬಳಿಕ 1976ರಲ್ಲಿ 11 ಹಾಸಿಗೆಗಳ ಕಣ್ಣಾಸ್ಪತ್ರೆಯೊಂದನ್ನು ತೆರೆದರು. ಅರವಿಂದ ಎಂಬ ಹೆಸರಿನ ಆ ಆಸ್ಪತ್ರೆಯ ಶಾಖೆ ಇಂದು ಸೇಲಂನಲ್ಲೂ ಇದೆ. ಕೊಡಬಲ್ಲವರಿಂದ ಶುಲ್ಕ ಪಡೆದು, ಕೊಡಲಾರದವರಿಗೆ ಉಚಿತವಾಗಿ ಪೊರೆ ತೆಗೆಯುವ ಅದರ ಪದ್ಧತಿ ಈಗ ಜಗತ್ತಿನ ನಿರ್ವಹಣಾ ಶಾಲೆಗಳ ಪಾಠ. ಕಲ್ಕತ್ತೆಯ ಐಐಎಂನಲ್ಲಿ ಓದಿದ ಆರ್. ಡಿ. ತುಳಸಿರಾಜ್ ಉದ್ಯಮದ ಕೆಲಸವನ್ನು ಬಿಟ್ಟು 1981ರಲ್ಲಿ ಅಲ್ಲಿಗೆ ಬಂದರು; ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ತರಬೇತಿಯನ್ನೂ ಪಡೆದರು. ಸಂಯುಕ್ತ ಪದವಿಯ ಮಾತು ಇಲ್ಲಿ ಯಾರಿಗೂ ತಿಳಿಯದಿದ್ದ ಕಾಲದಲ್ಲಿ ಎರಡೂ ವಿದ್ಯೆಗಳು ಒಬ್ಬನೇ ವ್ಯಕ್ತಿಯಲ್ಲಿ ಹೀಗೆ ಕೂಡಿದವು. 1992ರಲ್ಲಿ ಅದೇ ಬಳಗ ಆರೋಲ್ಯಾಬ್ ಎಂಬ ಕಾರ್ಖಾನೆಯನ್ನು ತೆರೆದು, ಹೊರದೇಶದಿಂದ ದುಬಾರಿ ಬೆಲೆಗೆ ಬರುತ್ತಿದ್ದ ಕಣ್ಣೊಳಗಿನ ಕೃತಕ ಮಸೂರವನ್ನು ಬಡವರಿಗೂ ಎಟಕುವ ಬೆಲೆಗೆ ತಯಾರಿಸಿತು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೆಚ್ಚು ಮುಖ್ಯವಾದುದು ಅಷ್ಟಾಗಿ ಯಾರೂ ಹೇಳದ ಇನ್ನೊಂದು ಸಂಗತಿ. ಹಳ್ಳಿಗಳಲ್ಲಿ ನಡೆಯುತ್ತಿದ್ದ ಉಚಿತ ಕಣ್ಣಿನ ಶಿಬಿರಗಳಲ್ಲಿ ಜನ ಕಿಕ್ಕಿರಿದಿದ್ದರು. ಶಿಬಿರದ ದಾಖಲೆ ನೋಡಿದವರಿಗೆ ಅದು ಗೆಲುವೇ. ಆದರೆ ಮದುರೆಯ ಸುತ್ತಣ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ವಿಚಾರಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾದಾಗ, ಕಣ್ಣಿನ ತೊಂದರೆಯಿದ್ದ ವಯಸ್ಕರಲ್ಲಿ ಶಿಬಿರಕ್ಕೆ ಬಂದಿದ್ದವರು ಶೇ. 7ರಷ್ಟು ಮಾತ್ರ ಎಂದು ತಿಳಿಯಿತು. ಶಸ್ತ್ರಚಿಕಿತ್ಸೆ ಉಚಿತ, ನಿಜ. ಬಸ್ಸಿನ ಚಾರ್ಜು ಉಚಿತವಲ್ಲ, ಜೊತೆಗೆ ಬರುವ ಮಗನ ದಿನಗೂಲಿ ಉಚಿತವಲ್ಲ, ಮನೆಯಲ್ಲಿ ಮೊಮ್ಮಗುವನ್ನು ನೋಡಿಕೊಳ್ಳುವವರೂ ಬೇಕು, ಭಯವಂತೂ ಇದ್ದೇ ಇದೆ. ಈ ಅರಿವಿನ ಬೆನ್ನಿಗೇ ಊರುಗಳ ಹತ್ತಿರ ಪುಟ್ಟ ನೇತ್ರ ಕೇಂದ್ರಗಳು ತೆರೆದವು. ಅಂಗಡಿಯವನು ಬಾಗಿಲಿಗೆ ಬಂದವರನ್ನು ಎಣಿಸುತ್ತಾನೆ. ಸಾರ್ವಜನಿಕ ಆರೋಗ್ಯಶಾಸ್ತ್ರ ಬಾರದವರನ್ನು ಎಣಿಸುತ್ತದೆ. ಎಣಿಸಿ ಸುಮ್ಮನಾದರೆ ಅದರಿಂದಲೂ ಪ್ರಯೋಜನವಿಲ್ಲ. ಬಾರದವನ ಬಾಗಿಲಿಗೆ ಸೇವೆಯನ್ನು ಯಾವ ವೆಚ್ಚದಲ್ಲಿ, ಯಾರ ಕೈಯಲ್ಲಿ ಕಳುಹಿಸುವುದು ಎಂಬಲ್ಲಿ ಮತ್ತೆ ಅಂಗಡಿಯವನ ವಿದ್ಯೆಯೇ ಬೇಕಾಗುತ್ತದೆ.

ತಮಿಳುನಾಡು ಸರ್ಕಾರ ಇದನ್ನು ಔಷಧಿಯ ವಿಷಯದಲ್ಲಿ ಕಂಡುಕೊಂಡಿತು. 1994ರಲ್ಲಿ ಅದು ವೈದ್ಯಕೀಯ ಸೇವಾ ನಿಗಮವನ್ನು ಕಂಪನಿಯಾಗಿ ಸ್ಥಾಪಿಸಿತು. ಅಗತ್ಯ ಔಷಧಿಗಳ ಪಟ್ಟಿ, ಇಡೀ ರಾಜ್ಯಕ್ಕೆ ಒಟ್ಟಾಗಿ ಖರೀದಿ, ಜಿಲ್ಲೆಗಳಲ್ಲಿ ಗೋದಾಮು, ಹಂಚುವ ಮೊದಲು ಮಾದರಿಗಳ ಪರೀಕ್ಷೆ. ಇವುಗಳ ಜೊತೆಗೆ ಪ್ರತಿ ಆಸ್ಪತ್ರೆಗೂ ಬ್ಯಾಂಕಿನಲ್ಲಿ ಇರುವಂಥದೇ ಒಂದು ಪಾಸ್‌ಪುಸ್ತಕ. ತನಗೆ ನಿಗದಿಯಾದ ಮೊತ್ತದೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರ ತನಗೆ ಬೇಕಾದ ಮದ್ದನ್ನು ಗೋದಾಮಿನಿಂದ ತರಿಸಿಕೊಳ್ಳಬಹುದು. ಬಾಣಂತಿಯರು ಹೆಚ್ಚಾಗಿರುವ ಊರಿಗೆ ಒಂದು ಬಗೆ, ಹೊಲದಲ್ಲಿ ಹಾವಿನ ಕಾಟವಿರುವ ಊರಿಗೆ ಇನ್ನೊಂದು ಬಗೆ. ಅನೇಕ ರಾಜ್ಯಗಳು ಈ ಮಾದರಿಯನ್ನು ಅನುಸರಿಸಿದವು. ಕಂಪನಿ ಎಂಬ ಪದ ಕೇಳಿದೊಡನೆ ಹುಬ್ಬು ಗಂಟಿಕ್ಕುವವರು ಆ ಪಾಸ್‌ಪುಸ್ತಕವನ್ನು ಒಮ್ಮೆ ನೋಡಬೇಕು.

ಧರ್ಮಪುರಿ ಜಿಲ್ಲೆಯ ಸಿಟ್ಟಿಲಿಂಗಿ ಕಣಿವೆಯ ಕಥೆ ಬೇರೆ. ಅಲ್ಲಿಗೆ 1993ರಲ್ಲಿ ಬಂದ ವೈದ್ಯ ದಂಪತಿ ಡಾ. ರೆಜಿ ಜಾರ್ಜ್ ಮತ್ತು ಡಾ. ಲಲಿತಾ ರೆಜಿ ಗುಡಿಸಲಿನಲ್ಲಿ ಚಿಕಿತ್ಸೆ ಆರಂಭಿಸಿ, ಊರಿನ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಿದರು. ಸಾವಿರಕ್ಕೆ 147ರಷ್ಟಿದ್ದ ಶಿಶುಮರಣ ಮುಂದೆ ಬಹಳವಾಗಿ ಇಳಿಯಿತು. ಆದರೆ ಹೊಲ ಸೊರಗಿದರೆ, ಸಾಲ ಬೆಳೆದರೆ ಆಸ್ಪತ್ರೆಯೊಂದೇ ಜನರನ್ನು ಕಾಯಲಾರದು. ಹಾಗಾಗಿ ಮದ್ದು ಕೊಟ್ಟವರೇ ಸಾವಯವ ಕೃಷಿಕರ ಸಂಘಕ್ಕೂ, ಲಂಬಾಣಿ ಹೆಂಗಸರ ಕಸೂತಿಯ ಮಾರಾಟಕ್ಕೂ ಹೆಗಲು ಕೊಡಬೇಕಾಯಿತು. ಸಿರಿಧಾನ್ಯದ ಬೆಲೆ ಅಲ್ಲಿ ಆರೋಗ್ಯದ ವಿಷಯವೇ ಆಯಿತು. ಇವರು ಜೋಡಿ ಪದವಿಗಳ ಹಂಗಿಲ್ಲದೆ ಇದನ್ನು ಮಾಡಿದರು ಎಂಬುದನ್ನೂ ವಿದ್ಯಾರ್ಥಿ ನೆನಪಿಡಬೇಕು.

ಏಕೆಂದರೆ ಆ ಪದವಿ ಅಗ್ಗವಲ್ಲ. ಶಿಕ್ಷಣ ಸಾಲದ ಕಂತು ಆರಂಭವಾದೊಡನೆ ದೊಡ್ಡ ನಗರದ ಖಾಸಗಿ ಆಸ್ಪತ್ರೆ ಅಥವಾ ವಿಮಾ ಕಂಪನಿ ಕೈಬೀಸಿ ಕರೆಯುತ್ತದೆ. ಎರಡು ಪದವಿಗಳಲ್ಲಿ ಒಂದು ದುಡಿಯುತ್ತದೆ, ಇನ್ನೊಂದು ಗೋಡೆಯ ಮೇಲೆ ಉಳಿಯುತ್ತದೆ. ಅದನ್ನು ದ್ರೋಹವೆನ್ನುವುದು ಕಠೋರವಾದೀತು. ಸಾಲ ತೀರಿಸಬೇಕಾದವನು ತಾನೇ. ಆದರೂ ಹೊರಡುವ ಮೊದಲೇ ಸಾಲದ ಮೊತ್ತ, ವಿದ್ಯಾರ್ಥಿವೇತನ, ಮರಳಿ ಬಂದರೆ ಸಿಗುವ ಸಂಬಳ, ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡದವನು ನಿರ್ವಹಣೆಯ ಮೊದಲ ಪಾಠವನ್ನೇ ಬಿಟ್ಟಂತಾಯಿತು.

ಗಡಿನಾಡಿನ ವಿದ್ಯಾರ್ಥಿಗೆ ಯಾವ ವಿಶ್ವವಿದ್ಯಾಲಯವೂ ಕಲಿಸಲಾರದ ಒಂದು ಅನುಕೂಲ ಮೊದಲೇ ಇದೆ. ‘ತಲೆ ಸುತ್ತುತ್ತೆ, ಕೈಕಾಲು ಜೋಮು ಹಿಡಿಯುತ್ತೆ’ ಎಂದು ಮುದುಕಿ ಕನ್ನಡದಲ್ಲಿ ಹೇಳಿದ್ದು ತಮಿಳಿನ ನಮೂನೆಯಲ್ಲಿ ಏನಾಗಿ ದಾಖಲಾಗುತ್ತದೆ ಎಂಬುದು ಅವನಿಗೆ ಗೊತ್ತು. ಮಕ್ಕಳೈ ತೇಡಿ ಮರುತ್ತುವಂ, ಅಂದರೆ ಜನರನ್ನು ಹುಡುಕಿಕೊಂಡು ಹೋಗುವ ವೈದ್ಯ ಎಂಬ ಯೋಜನೆ 2021ರ ಆಗಸ್ಟ್ 5ರಂದು ನೆರೆಯ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭವಾಯಿತು. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಕಾರ್ಯಕರ್ತೆಯರು ಮನೆಗೇ ತಲುಪಿಸುತ್ತಾರೆ. ಆದರೆ ಧರ್ಮಪುರಿ ಸೀಮೆಯ ಎಷ್ಟೋ ಮಂದಿ ತಿರುಪ್ಪೂರಿಗೋ ಬೆಂಗಳೂರಿಗೋ ಕೂಲಿಗೆ ಹೋಗಿರುತ್ತಾರೆ. ಮಾತ್ರೆ ಬಂದ ದಿನ ಬಾಗಿಲಿಗೆ ಬೀಗ. ಬೀಗ ಹಾಕಿದ ಮನೆಯ ಮಾತ್ರೆ ಯಾವ ಊರಿನ ಯಾವ ಶೆಡ್ಡಿಗೆ ಹೋಗಬೇಕು, ಎರಡು ರಾಜ್ಯಗಳ ನಡುವೆ ಅದರ ಖರ್ಚು ಯಾರ ಪಾಸ್‌ಪುಸ್ತಕದಲ್ಲಿ ಬರೆಯಬೇಕು ಎಂಬುದಿನ್ನೂ ತೀರ್ಮಾನವಾಗಬೇಕಿದೆ.