ಮಳೆಯ ಲೆಕ್ಕ

ಹಿಂದಿನ ಕಾಲದ ಐಗಳ ಮಠಗಳಲ್ಲಿ ಹುಡುಗರು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಅಲ್ಲಿ ಬೆತ್ತದ ಭಯವಿದ್ದಿತೆಂಬುದು ನಿಜ. ಆದರೆ ಅಕ್ಷರವು ಸೊಟ್ಟಾದೊಡನೆ ಅದನ್ನು ಕಾಣತಕ್ಕ ಕಣ್ಣೊಂದು ಎದುರಿಗೇ ಇರುತ್ತಿದ್ದಿತು. ಈಗಿನ ಅಂತರಜಾಲದ ಪಾಠಕ್ಕೆ ಬೆತ್ತವಿಲ್ಲ. ಎಷ್ಟೋ ವೇಳೆ ಆ ಕಣ್ಣೂ ಇಲ್ಲ. ಮೊದಲೇ ಚಿತ್ರೀಕರಿಸಿಟ್ಟ ಪಾಠದಲ್ಲಿ ಗುರುವು ಸೊಗಸಾಗಿ ಹೇಳುತ್ತಲೇ ಹೋಗುವನು. ಕೇಳುವ ಮಗುವು ಆಕಳಿಸಿದರೂ ಎದ್ದುಹೋದರೂ ಅವನಿಗೆ ತಿಳಿಯದು.

ಸಾಗರದ ಸೀಮೆಯ ಒಂದು ಅಡಿಕೆತೋಟದ ಮನೆಯಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನಿಗೆ ಇಂತಹ ಪಾಠವೇ ಗತಿಯಾಗಿದ್ದಿತು. ದೂರದ ಶಾಲೆಗೆ ಹೋಗಿಬರುವ ಆಯಾಸವು ಅವನ ಮೈಗೆ ಒಗ್ಗದೆ, ತಂದೆತಾಯಿಗಳು ಮನೆಯಲ್ಲಿಯೇ ಓದಿಸಲು ನಿಶ್ಚಯಿಸಿದ್ದರು. ತಾಯಿಯು ವೇಳಾಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿದಳು. ಒಂದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ದಿನಕ್ಕೆ ಎರಡೇ ಪಾಠಗಳು, ಒಂದೊಂದೂ 30ರಿಂದ 45 ನಿಮಿಷಗಳಷ್ಟು ಸಾಕೆಂದು 2020ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರವು ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿಯಲ್ಲಿ ಹೇಳಿದ್ದಿತು. ಆಕೆಯೂ ಅದನ್ನು ಮೀರಲಿಲ್ಲ. ಆದರೂ ಹುಡುಗನಿಗೆ ಆ ಎರಡು ಪಾಠಗಳೇ ಭಾರವಾದುವು. ಬೆಲ್ಲದ ಆಸೆ, ಗದರಿಕೆ, ಕಣ್ಣೀರು ಎಲ್ಲವೂ ಸರದಿಯಂತೆ ನಡೆದುಹೋದುವು.

ಆಷಾಢದ ಒಂದು ಬೆಳಿಗ್ಗೆ ಆಕೆ ಅಡಿಗೆಮನೆಯಿಂದ, “ಪಾಠ ಆಯಿತೇನೋ?” ಎಂದು ಕೇಳಿದಳು. “ಆಯಿತಮ್ಮಾ” ಎಂಬ ಉತ್ತರವು ಕೂಡಲೆ ಬಂದಿತು. ಬಂದು ನೋಡಿದರೆ ಪರದೆಯ ಮೇಲೆ ಚಿತ್ರವು ಓಡುತ್ತಿದೆ, ಧ್ವನಿಯನ್ನು ಅಡಗಿಸಿದೆ, ಹುಡುಗನು ಕಿಟಕಿಯ ಬಳಿ ನಿಂತು ಸೂರಂಚಿನ ಹನಿಗಳನ್ನು ಎಣಿಸುತ್ತಿದ್ದಾನೆ. ಪಾಠವು ತಪ್ಪಿದ್ದಕ್ಕಿಂತ ಸುಳ್ಳು ಅಷ್ಟು ಸಲೀಸಾಗಿ ಬಂದುದು ಆಕೆಯನ್ನು ನೋಯಿಸಿತು. ಬೈಯಲು ತೆರೆದ ಬಾಯನ್ನು ಮುಚ್ಚಿಕೊಂಡಳು. ಆ ರಾತ್ರಿ ಬಹಳ ಹೊತ್ತು ಯೋಚಿಸಲಾಗಿ, ಇಷ್ಟು ದಿನವೂ ತಾನು “ಆಯಿತೇ?” ಎಂದು ಕೇಳಿದ್ದೆನೇ ಹೊರತು “ಏನು?” ಎಂದು ಒಮ್ಮೆಯೂ ಕೇಳಿರಲಿಲ್ಲವೆಂಬುದು ಹೊಳೆಯಿತು. ಆಯಿತೇ ಎಂದವರಿಗೆ ಆಯಿತು ಎಂಬ ಉತ್ತರವಲ್ಲದೆ ಬೇರೇನು ದೊರೆತೀತು?

ಆ ಮನೆಯ ಅಜ್ಜನು ಅಂಗಳದಲ್ಲಿ ಮಳೆಮಾಪಕವನ್ನಿಟ್ಟು, ಹವಾಮಾನ ಇಲಾಖೆಯವರ ಕ್ರಮದಂತೆ ಬೆಳಿಗ್ಗೆ ಎಂಟೂವರೆಗೆ ಅಳತೆಯನ್ನು ಬರೆದಿಡುತ್ತಿದ್ದನು. ಈಚೆಗೆ ಅವನಿಗೆ ಗೀಟುಗಳು ಕಾಣದಾಗಿದ್ದುವು. “ಮಾಣೀ, ನೋಡಿ ಹೇಳು” ಎಂದನು. 42 ಮಿಲಿಮೀಟರ್ ಆಗಿದ್ದಿತು. “ಹಾಗಾದರೆ ನಮ್ಮ ಅಂಗಳಕ್ಕೆ ಎಷ್ಟು ಕೊಡ ನೀರು ಬಿದ್ದಂತಾಯಿತು?” ಎಂದು ಅಜ್ಜನು ಕೇಳಲು ಹುಡುಗನು ತಾಯಿಯ ಮುಖವನ್ನು ನೋಡಿದನು. “ನನಗೂ ಬಾರದಪ್ಪಾ” ಎಂದಳು ಆಕೆ, ಅದು ನಟನೆಯಾಗಿರಲಿಲ್ಲ.

ವಿಸ್ತೀರ್ಣ, ಘನಫಲಗಳ ಪಾಠವನ್ನು ಆ ದಿನ ಹುಡುಗನೇ ತೆರೆದನು. ಮೂರು ಬಾರಿ ನಿಲ್ಲಿಸಿ, ಹಿಂದಕ್ಕೆ ಸರಿಸಿ ನೋಡಿದನು. ತಾಯಿಯು ಪಕ್ಕದಲ್ಲಿ ಕುಳಿತು ತಿಳಿಯದ್ದನ್ನು ಕೇಳುತ್ತಿದ್ದಳು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಆ ನೀರು ಸರಿಯಾಗಿ ಒಂದು ಲೀಟರ್. ಅಂಗಳವು 8 ಮೀಟರ್ ಉದ್ದ, 6 ಮೀಟರ್ ಅಗಲ. 48ನ್ನು 42ರಿಂದ ಗುಣಿಸಿದರೆ 2016 ಲೀಟರ್. 12 ಲೀಟರಿನ ಕೊಡದಲ್ಲಿ 168 ಕೊಡ! ಅಜ್ಜನು ನಂಬಲಿಲ್ಲ, ಅಗಲವಾದ ಪಾತ್ರೆಯಲ್ಲಿ ನೀರು ಹೆಚ್ಚು ಏರಬೇಡವೇ ಎಂದು ವಾದಿಸಿದನು. ಮರುದಿನ ಹುಡುಗನು ನೆಟ್ಟನೆಯ ಗೋಡೆಯ ಎರಡು ಪಾತ್ರೆಗಳನ್ನು, ಒಂದು ಕಿರಿದು, ಒಂದು ಅಗಲ, ಮಳೆಗೆ ಇಟ್ಟು ತೋರಿಸಿದನು. ಎರಡರಲ್ಲಿಯೂ ನೀರು ಒಂದೇ ಎತ್ತರಕ್ಕೆ ನಿಂತಿದ್ದಿತು.

ಅಂದಿನಿಂದ ಎಲ್ಲವೂ ಸುಗಮವಾಯಿತೆನ್ನುವಂತಿಲ್ಲ. ಇಂಗ್ಲಿಷ್ ವ್ಯಾಕರಣಕ್ಕೆ ಯಾವ ಮಳೆಯೂ ನೆರವಾಗಲಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು. ಅಲ್ಲಿಯವರೆಗಿನ ದಾರಿಯನ್ನು ನೆನೆದು ತಾಯಿಗೆ ಒಮ್ಮೊಮ್ಮೆ ನಿದ್ರೆ ಬಾರದು. ಆದರೆ ಪಾಠಕ್ಕೆ ಮೊದಲು ಮನೆಯವರಲ್ಲೊಬ್ಬರು ನಿಜವಾಗಿಯೂ ಉತ್ತರ ಬೇಕಾದ ಪ್ರಶ್ನೆಯೊಂದನ್ನು ಕೇಳುವ ರೂಢಿಯು ಉಳಿಯಿತು.

ಶ್ರಾವಣದ ಒಂದು ದಿನ ಆಕೆ, “ಇವತ್ತು ಏನು ಬಂತೋ?” ಎಂದು ಕೇಳಿದಳು. ಹುಡುಗನು ತುಸು ತಡೆದು, “ಇವತ್ತು ಅರ್ಧ ಪಾಠ ನೋಡಲಿಲ್ಲಮ್ಮಾ” ಎಂದನು. ಆಕೆಗೆ ಅದು 168 ಕೊಡದ ಲೆಕ್ಕಕ್ಕಿಂತಲೂ ದೊಡ್ಡದಾಗಿ ತೋರಿತು. “ಬಾ, ಉಳಿದರ್ಧವನ್ನು ಕೂಡಿ ನೋಡೋಣ” ಎಂದು ಕೈ ಒರಸಿಕೊಂಡು ಪಕ್ಕದಲ್ಲಿ ಕುಳಿತಳು.