ಸಾಸಿವೆ ಲೆಕ್ಕ

“ಅಲ್ಲ ಕಣೇ, ಮನೇಲಿರೋದು ನಾಲ್ಕು ಜನ. ತಿಂಗಳಿಗೆ ಐದು ರೂಪಾಯಿ ಸಾಸಿವೆ ಎಲ್ಲಿಗೆ ಹೋಗುತ್ತೆ?”

ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಇವರು ಹೀಗೆ ಕೇಳಿದ್ದು 1982ರಲ್ಲಿ. ಒಲೆಯ ಮುಂದಿದ್ದ ನನ್ನ ಕೈಯ ಸೌಟು ಅಲ್ಲೇ ನಿಂತಿತು. ಉತ್ತರ ಕೊಟ್ಟವರು ನಮ್ಮತ್ತೆ. “ದಿನಾ ಒಗ್ಗರಣೆ ಇಲ್ದೆ ನಿಂಗೆ ಅನ್ನ ಇಳಿಯಲ್ಲ. ಹುಳಿಗೆ, ಪಲ್ಯಕ್ಕೆ, ಚಟ್ನಿಗೆ, ಕೊನೆಗೆ ಮಜ್ಜಿಗೆಗೂ ಬೇಕು. ಸಾಸಿವೆ ಏನು ಆಕಾಶದಿಂದ ಉದುರುತ್ತಾ?” ಇವರು ಮತ್ತೆ ಮಾತಾಡದೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ ಮುಂದಿನ ಸಾಲಿಗೆ ಹೋದರು. ಮದುವೆಯಾದ ಮೇಲೆ ಅತ್ತೆ ನನ್ನ ಪರವಾಗಿ ಬಾಯಿ ತೆರೆದದ್ದು ಅದೇ ಮೊದಲು. ಯಾಕೆಂದು ಆಗ ನನಗೆ ಹೊಳೆಯಲಿಲ್ಲ.

ನಾನು ತಿಪಟೂರಿಗೆ ಸೊಸೆಯಾಗಿ ಬಂದದ್ದು 1978ರಲ್ಲಿ. ಇವರು ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಮಂಡಿಯಲ್ಲಿ ಹೇಗೋ ಮನೆಯಲ್ಲೂ ಹಾಗೇ, ಐದು ಪೈಸೆಯೂ ಎಲ್ಲಿ ಹೋಯಿತೆಂದು ತಿಳಿಯಬೇಕು. ಕೆಟ್ಟವರೇನಲ್ಲ. ಕೇಳಿದ್ದಕ್ಕೆ ಇಲ್ಲವೆಂದವರಲ್ಲ. ಆದರೆ ಕೇಳಬೇಕಿತ್ತು. ರವಿಕೆಗೆ ನಾಲ್ಕು ಹುಕ್ಕು ಬೇಕೆಂದರೂ ಕೇಳಬೇಕಿತ್ತು. ಕೇಳುವುದರಲ್ಲಿ ಏನು ಮಹಾ ಕಷ್ಟ ಎಂದು ಗಂಡಸರು ಅನ್ನಬಹುದು. ಸೋದರಿಯರಿಗೆ ಅದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ದಿನಗಳಲ್ಲಿ ನಾನು ಯಾರನ್ನೂ ಕೇಳದೆ ಹೋಗಬಹುದಾಗಿದ್ದ ಜಾಗ ಒಂದೇ, ಬೀದಿಯ ಮೂಲೆಯ ಚಿಲ್ಲರೆ ಅಂಗಡಿ. ಗುಡಿಗೆ ಹೋಗಬೇಕಾದರೆ ಅತ್ತೆ ಜೊತೆಗಿರಬೇಕು, ಪೇಟೆಗಾದರೆ ಇವರು. ಅಂಗಡಿಗೆ ಮಾತ್ರ “ಬೆಲ್ಲ ಮುಗೀತು, ಬಂದೆ” ಎಂದರೆ ಸಾಕು. ಒಳಗೆ ಸಾಲಾಗಿ ಬಾಯಿ ಮಡಚಿದ ಗೋಣಿಚೀಲಗಳು, ಮೇಲಿನಿಂದ ಇಳಿಬಿದ್ದ ನೂಲಿನ ಉಂಡೆ, ಹಳೆಯ ಪತ್ರಿಕೆಯ ಪೊಟ್ಟಣ, ಸೀಮೆಎಣ್ಣೆ ಮತ್ತು ಹುರಿಗಡಲೆ ಬೆರೆತ ಒಂದು ವಾಸನೆ. ಮೆಟ್ರಿಕ್ ತೂಕದ ಕಾನೂನು 1956ರಲ್ಲೇ ಬಂದಿದ್ದರೂ ನಮ್ಮತ್ತೆ ಮಾತ್ರ ಕೊನೆಯವರೆಗೂ ಪಾವು, ಚಟಾಕು ಎಂದೇ ಹೇಳಿ ಕಳಿಸುತ್ತಿದ್ದರು. ಅಂಗಡಿಯವರು ಅದನ್ನು ಗ್ರಾಮಿಗೆ ತಿರುಗಿಸಿ ತೂಗಿ, ತಕ್ಕಡಿ ಇಳಿಸುವ ಮುಂಚೆ ಒಂದು ಚಿಟಿಕೆ ಕೊಸರು ಹಾಕುತ್ತಿದ್ದರು. ಆ ಕೊಸರಿಗಾಗಿ ಎಷ್ಟು ವಾದ, ಎಷ್ಟು ನಗು!

ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯವರು ಒಳಗೆ ಮಲಗಿದರೆ ಗಲ್ಲಾಪೆಟ್ಟಿಗೆಯ ಮುಂದೆ ಅವರ ಹೆಂಡತಿ ಕೂರುತ್ತಿದ್ದರು. ನಾವೆಲ್ಲ ಅಂಗಡಿಯಕ್ಕ ಎನ್ನುತ್ತಿದ್ದೆವು. ಆ ಎರಡು ಗಂಟೆ ಅಂಗಡಿಯ ಜಗಲಿ ಹೆಂಗಸರದು. ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರ ಮಗುವಿಗೆ ಕೆಮ್ಮು ಬಿಟ್ಟಿಲ್ಲ, ಮೆಂತ್ಯದ ಹಿಟ್ಟಿಗೆ ಯಾವ ಬೇಳೆ ಎಷ್ಟು ಹುರಿಯಬೇಕು, ಎಲ್ಲಾ ಅಲ್ಲೇ. ಚಾಡಿಯೂ ಅಲ್ಲೇ ಹುಟ್ಟುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ಮೇಲೂ ಹುಟ್ಟಿದ್ದುಂಟು.

ಒಂದು ಮಧ್ಯಾಹ್ನ ಬಳೆಯವನು ಬಂದು ಕೂತಾಗ ನಾನು ಬಳೆ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡೆ. ಅಕ್ಕ ಅದನ್ನು ನೋಡಿದ್ದರು. ಎಲ್ಲರೂ ಹೋದ ಮೇಲೆ, “ನೋಡಮ್ಮ, ನಿಮ್ಮನೆ ಪುಸ್ತಕದಲ್ಲಿ ತಿಂಗಳಿಗೆ ಎರಡು ರೂಪಾಯಿ ಸಣ್ಣ ಸಾಸಿವೆ ಅಂತ ಬರೀತೀನಿ. ಸಾಸಿವೆ ಕೊಡಲ್ಲ. ಆ ದುಡ್ಡು ನಿಂದು. ಬೇಕಾದಾಗ ಕೇಳು” ಎಂದರು. ನನಗೆ ಕೈಕಾಲು ತಣ್ಣಗಾಯಿತು. ಗಂಡನ ದುಡ್ಡು ಕದ್ದಂತಲ್ಲವೇ ಎಂದೆ. “ನೀನು ಮಾಡೋ ಕೆಲಸಕ್ಕೆ ಸಂಬಳ ಕೊಟ್ಟಿದ್ರೆ ಅದು ಕಳ್ಳತನ ಆಗ್ತಿತ್ತು” ಎಂದು ಅಕ್ಕ ಎಲೆಗೆ ಸುಣ್ಣ ಹಚ್ಚತೊಡಗಿದರು.

ಹೀಗೆ 1979ರ ಜನವರಿಯಿಂದ ನನ್ನ ಸಾಸಿವೆ ಲೆಕ್ಕ ಶುರುವಾಯಿತು. ಮನೆಗೆ ನಿಜವಾಗಿ ತರುತ್ತಿದ್ದದ್ದನ್ನು ಅಕ್ಕ ಬರೀ ‘ಸಾಸಿವೆ’ ಎಂದು ಬರೆಯುತ್ತಿದ್ದರು, ಉಳಿತಾಯದ್ದು ‘ಸಣ್ಣ ಸಾಸಿವೆ’. ಮಾವಿನಕಾಯಿ ಉಪ್ಪಿನಕಾಯಿಯ ಕಾಲದಲ್ಲಿ ಎರಡೂ ಕಲಸಿಹೋಗಬಾರದಲ್ಲ! ಎರಡು ವರ್ಷ ತಿಂಗಳಿಗೆ ಎರಡು ರೂಪಾಯಿ. ಆಮೇಲೆ ಧೈರ್ಯ ಬಂದು ಐದು.

1984ರ ಜನವರಿಯಲ್ಲಿ ಕಡೂರಿನಿಂದ ತಂತಿ ಬಂತು. ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದಿದೆ, ಕೂಡಲೇ ಹೊರಡು. ಇವರು ಮಂಡಿಯ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದರು, ಬರುವುದು ಮೂರು ದಿನ. ನಾನು ತಂತಿ ಹಿಡಿದು ನಡುಮನೆಯ ಕಂಬಕ್ಕೆ ಒರಗಿ ನಿಂತಿದ್ದೆ. ಅತ್ತೆ ಬಂದು, “ಅಳ್ತಾ ನಿಂತ್ರೆ ರೈಲು ಕಾಯುತ್ತಾ? ಅಂಗಡೀಲಿ ನಿನ್ನ ಸಾಸಿವೆ ಎಷ್ಟಾಗಿದೆ?” ಎಂದರು.

ನನ್ನ ಅಳುವೇ ನಿಂತುಹೋಯಿತು.

“ಹಾಗ್ಯಾಕೆ ನೋಡ್ತೀಯ? ಸಾಲದಿದ್ರೆ ನನ್ನ ಜೀರಿಗೆ ಲೆಕ್ಕದಲ್ಲೂ ಒಂದಿಷ್ಟಿದೆ. ನಾನು ಹೇಳಿದೆ ಅಂತ ಹೇಳಿ ಇಸ್ಕೋ.”

ನನ್ನ ಪುಟದಲ್ಲಿ 228 ರೂಪಾಯಿ ಇತ್ತು. ಜೀರಿಗೆ ಎಷ್ಟಿತ್ತೋ, ಅಕ್ಕ ಅದರಿಂದ ಎಪ್ಪತ್ತೈದು ಎಣಿಸಿ ನನ್ನ ಸೆರಗಿನ ತುದಿಗೆ ಗಂಟು ಹಾಕಿದರು. ಅಮ್ಮನಿಗೆ ಕಟ್ಟು ಹಾಕಿಸಿದ್ದು, ಔಷಧ, ಹಾಲು, ಎಲ್ಲಾ ಆ ದುಡ್ಡಿನಲ್ಲೇ ಆಯಿತು. ಅಣ್ಣನ ಮುಂದೆ ಕೈಚಾಚದೆ ಹತ್ತು ದಿನ ತವರಿನಲ್ಲಿ ಇದ್ದು ಬಂದೆ.

ಅಕ್ಕ 2009ರಲ್ಲಿ ತೀರಿಕೊಂಡರು. ಅಂಗಡಿಯ ಪುಟ ಅಲ್ಲಿಗೆ ಮುಗಿಯಿತು, ನನ್ನ ಉಳಿತಾಯ ಮನೆಯ ನಿಜವಾದ ಸಾಸಿವೆ ಡಬ್ಬಿಗೆ ಬಂತು. 2011ರ ಜೂನ್‌ನಲ್ಲಿ ನಾಲ್ಕಾಣೆಯೂ ನಿಂತುಹೋಗಿ ಚಿಲ್ಲರೆಗೆ ಬದಲು ಪೆಪ್ಪರ್‌ಮಿಂಟು ಕೊಡುವ ಕಾಲ. ನಾನು ಐನೂರರ ನೋಟನ್ನೇ ಮಡಚಿ ಇಡುತ್ತಿದ್ದೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ಇನ್ನು ನಡೆಯುವುದಿಲ್ಲವೆಂದಾಗ ಆ ಡಬ್ಬಿಯಲ್ಲಿ ಹನ್ನೊಂದು ನೋಟುಗಳಿದ್ದವು. ಬೀದಿಯಲ್ಲಿ ಇನ್ನೆಷ್ಟು ಮನೆಗಳ ಡಬ್ಬಿ ಬಾಯಿ ತೆರೆದವೋ! ಮರುದಿನ ಇವರ ಮುಂದೆ ತಂದಿಟ್ಟೆ, ಬ್ಯಾಂಕಿಗೆ ಕಟ್ಟಿಬನ್ನಿ ಎಂದು. ಜೊತೆಗೆ ಹಳೆಯ ಸಾಸಿವೆಯ ಕತೆಯನ್ನೂ ಹೇಳಿಬಿಟ್ಟೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. “ನನ್ನನ್ನ ಕೇಳಿದ್ರೆ ನಾನು ಕೊಡ್ತಿರಲಿಲ್ವಾ?” ಎಂದರು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊಡುತ್ತಿದ್ದರು, ಅದು ನನಗೂ ಗೊತ್ತು. ಹಾಗಿದ್ದರೆ ಮುಚ್ಚಿಟ್ಟದ್ದೇಕೆ ಎಂದು ಅವರಿಗೆ ತಿಳಿಯುವ ಹಾಗೆ ಹೇಳಲು ನನಗೆ ಇವತ್ತಿಗೂ ಬಂದಿಲ್ಲ.

ಈಗ ನಮ್ಮೂರಿನಲ್ಲೂ ದೊಡ್ಡ ಅಂಗಡಿಗಳಾಗಿವೆ. ತಳ್ಳುಗಾಡಿ ಹಿಡಿದು ನಾವೇ ಸಾಮಾನು ಆರಿಸಿಕೊಳ್ಳಬೇಕು. ನಾನೂ ಹೋಗುತ್ತೇನೆ, ಎಣ್ಣೆ ಅಲ್ಲಿ ಅಗ್ಗ. ಬರುವಾಗ ಮಾತ್ರ ಹಿಂದಿನ ಬೀದಿಯಿಂದ ಸುತ್ತಿಕೊಂಡು ಬರುತ್ತೇನೆ, ಅಲ್ಲಿಯ ಚೀಲ ನಮ್ಮ ಅಂಗಡಿಯವರ ಕಣ್ಣಿಗೆ ಬೀಳಬಾರದೆಂದು. 2020ರ ಮಾರ್ಚ್‌ನಲ್ಲಿ ಊರೆಲ್ಲ ಬಾಗಿಲು ಹಾಕಿದಾಗ, ವಯಸ್ಸಾದವರು ಹೊರಗೆ ಬರಬೇಡಿ ಎಂದು ಅಕ್ಕಿ ಬೇಳೆಯ ಜೊತೆ ಇವರ ರಕ್ತದೊತ್ತಡದ ಮಾತ್ರೆಯನ್ನೂ ತರಿಸಿ ಮನೆ ಬಾಗಿಲಿಗೆ ಇಟ್ಟುಹೋದವರು ಇವರೇ. ಸುತ್ತಿ ಬರುವುದನ್ನು ಅವರು ನೋಡಿಲ್ಲವೆಂದು ನಾನು ನಂಬಿಲ್ಲ.

ಅಂಗಡಿಯಲ್ಲಿ ಈಗ ಕೂರುವವಳು ಅಕ್ಕನ ಮೊಮ್ಮಗನ ಹೆಂಡತಿ. ಫೋನಿನಲ್ಲಿ ದುಡ್ಡು ಹಾಕಿದ ಕೂಡಲೇ ಒಂದು ಪೆಟ್ಟಿಗೆ ಇಷ್ಟು ರೂಪಾಯಿ ಬಂತು ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ. ನನಗಂತೂ ಅದು ಹಿಡಿಸದು. ತಿಂಗಳ ಲೆಕ್ಕದವರಿಗೆ ಅವಳು ಈಗಲೂ ಪುಸ್ತಕವನ್ನೇ ಇಟ್ಟಿದ್ದಾಳೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬಳು ಚಿಕ್ಕ ಹುಡುಗಿ ಇದ್ದಾಳೆ, ಎರಡು ವರ್ಷದ ಮಗುವಿನ ತಾಯಿ. ಬ್ಯಾಂಕಿನಲ್ಲಿ ಅವಳ ಹೆಸರಲ್ಲೇ ಖಾತೆ ಇದೆ. ಕಾರ್ಡು ಗಂಡನ ಜೇಬಿನಲ್ಲಿ, ಖಾತೆಯ ಸಂದೇಶ ಗಂಡನ ಫೋನಿಗೆ. ಗೃಹಲಕ್ಷ್ಮಿ ಹಣ 2023ರಲ್ಲಿ ಶುರುವಾದಾಗ ಆ ಮನೆಯಲ್ಲಿ ಯಜಮಾನಿ ಎಂದು ಬರೆಸಿದ್ದು ಅತ್ತೆಯನ್ನು. ಅಂಗಡಿ ಲೆಕ್ಕವನ್ನು ತಿಂಗಳ ಕೊನೆಗೆ ಗಂಡನೇ ನೋಡಿ ಫೋನಿನಲ್ಲಿ ಕಟ್ಟುತ್ತಾನೆ. ಒಳ್ಳೆಯ ಹುಡುಗ, ದನಿ ಎತ್ತಿ ಮಾತಾಡಿದ್ದು ನಾನು ಕೇಳಿಲ್ಲ.

ಮೊನ್ನೆ ಹುರಿಗಡಲೆಗೆಂದು ಹೋಗಿದ್ದೆ. ಅಂಗಡಿಯ ಹುಡುಗಿ ನಮ್ಮ ಪುಟ ಹುಡುಕುತ್ತಾ ಪುಸ್ತಕ ತಿರುವುತ್ತಿದ್ದಳು. ಪಕ್ಕದ ಮನೆಯ ಪುಟ ತೆರೆದುಕೊಂಡಿತು. ನೋಡಬಾರದು, ನೋಡಿದೆ. ಅಕ್ಕಿ, ತೊಗರಿಬೇಳೆ, ಸೋಪು. ಆಮೇಲೆ, ಏಲಕ್ಕಿ 100 ರೂಪಾಯಿ. ಹಿಂದಿನ ತಿಂಗಳಲ್ಲೂ ಏಲಕ್ಕಿ 100 ರೂಪಾಯಿ. ಆ ಮನೆಯಲ್ಲಿ ಪಾಯಸಕ್ಕೂ ಏಲಕ್ಕಿ ಹಾಕುವುದಿಲ್ಲ, ಗಂಡನಿಗೆ ವಾಸನೆ ಆಗದು ಎಂದು ಅವಳೇ ನನಗೆ ಹೇಳಿದ್ದಳು.

ಹುಡುಗಿ ತಟ್ಟನೆ ಪುಟ ಮಗುಚಿ ನನ್ನ ಮುಖ ನೋಡಿದಳು. “ಅಜ್ಜಿ, ಹುರಿಗಡಲೆ ಕಾಲು ಕೆಜೀನಾ, ಅರ್ಧಾನಾ?”

“ಅರ್ಧ ಕೊಡಮ್ಮ. ಕೊಸರು ಮರೀಬೇಡ” ಎಂದೆ.